ಜಮೈಕಾ ಗೆಳೆಯರ ಮನೆಯಲ್ಲಿ ಸಾವಾದಾಗ: ಮಣ್ಣಿಗೆ ಹೋಗುವವರಿಗೊಂದು ಕೈಪಿಡಿ

"ಜೊತೆಯಲ್ಲಿ ಕೆಲಸ ಮಾಡುವ ಜಮೈಕಾದ ಗೆಳತಿಯ ಅಮ್ಮ ತೀರಿಕೊಂಡಿದ್ದಾರೆ. ಮಣ್ಣಿಗೆ ಬರ್ತೀಯಾ ಅಂತ ಕೇಳಿದ್ದಾಳೆ. ಏನು ಉಟ್ಟುಕೊಳ್ಳಬೇಕು? ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು? ಸಾವಿನ ಮನೆಯಲ್ಲಿ ಊಟ ಮಾಡಬಹುದಾ?" ಟೊರಾಂಟೊ, ನ್ಯೂಯಾರ್ಕ್, ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆಯ ಕನ್ನಡಿಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಆ ಊರುಗಳಲ್ಲಿ ಜಮೈಕಾ ಮೂಲದವರು ತುಂಬಾ ಜನ ಇದ್ದಾರೆ. ಆಸ್ಪತ್ರೆಯಲ್ಲೋ ಪಕ್ಕದ ಮನೆಯಲ್ಲೋ ಪರಿಚಯವಾಗಿ, ಕೆಲವು ವರ್ಷಗಳಲ್ಲಿ ಮನೆಯವರೇ ಆಗಿಬಿಟ್ಟಿರುತ್ತಾರೆ. ಅವರ ಮನೆಯಲ್ಲಿ ಸಾವಾದಾಗ ಹೋಗಲೇಬೇಕು ಅನ್ನಿಸುತ್ತದೆ. ಹೇಗೆ ಅಂತ ಮಾತ್ರ ಗೊತ್ತಿರುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಮೈಕಾದಲ್ಲಿ ಸಾವಿಗೆ ಹೋಗುವುದು ಅಂದರೆ ಮುಖ ತೋರಿಸಿ ಬರುವುದಲ್ಲ. ಮನೆಯವರ ಜೊತೆ ಕೂರಬೇಕು. ಕೊಟ್ಟಿದ್ದನ್ನು ಉಣ್ಣಬೇಕು. ಹಾಡಿಗೆ ದನಿ ಸೇರಿಸಬೇಕು. ಗೋರಿ ಮುಚ್ಚುವ ತನಕ ನಿಲ್ಲಬೇಕು. ಉಳಿದದ್ದರಲ್ಲಿ ಹೆಚ್ಚುಕಮ್ಮಿ ಆದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಹೊರಗಿನವರು ಅನ್ನುವುದು ಅವರಿಗೆ ಗೊತ್ತಿದೆ. ಅರ್ಧದಲ್ಲಿ ಎದ್ದು ಬಂದರೆ, ಊಟ ಬೇಡ ಅಂದುಬಿಟ್ಟರೆ ಮಾತ್ರ ನೋಯುತ್ತದೆ.

ಕೆಳಗೆ ಬರೆದಿರುವುದೆಲ್ಲ ಮುಖ್ಯವಾಗಿ ಜಮೈಕಾದಲ್ಲೇ ನಡೆಯುವ ಮಣ್ಣಿಗೆ ಹೋಗುವವರಿಗೆ. ಇಂಗ್ಲೆಂಡಿನಲ್ಲಿ ನಡೆದರೆ ಏನು ಬದಲಾಗುತ್ತದೆ ಅನ್ನುವುದನ್ನು ಗೋರಿಯ ಭಾಗದಲ್ಲಿ ಹೇಳಿದ್ದೇನೆ.

ಮೊದಲು ನಾಲ್ಕು ಪದ

ಸಾವಾದ ಮನೆ ಮತ್ತು ಅದರ ಅಂಗಳಕ್ಕೆ ಅಲ್ಲಿ "ಡೆಡ್ ಯಾರ್ಡ್" ಅನ್ನುತ್ತಾರೆ. ಸುದ್ದಿ ತಿಳಿದ ದಿನದಿಂದ ಮಣ್ಣಿನ ದಿನದವರೆಗೆ ಸಂಜೆ ಹೊತ್ತು ಜನ ಬಂದು ಅಂಗಳದಲ್ಲಿ ಕೂರುವುದಕ್ಕೆ "ಸೆಟಪ್" ಅಂತ ಹೆಸರು. ಆ ರಾತ್ರಿಗಳಲ್ಲೆಲ್ಲ ದೊಡ್ಡದು "ನೈನ್ ನೈಟ್", ಅಂದರೆ ಒಂಬತ್ತನೇ ರಾತ್ರಿ. "ಡಪ್ಪಿ" ಅಂದರೆ ಸತ್ತವರ ಆತ್ಮ, ನಮ್ಮಲ್ಲಿ ಪ್ರೇತ ಅನ್ನುತ್ತೇವಲ್ಲ, ಅದು. ಈ ನಾಲ್ಕು ಪದ ಗೊತ್ತಿದ್ದರೆ ಫೋನಿನಲ್ಲಿ ಅವರು ಹೇಳುವುದು ಅರ್ಥವಾಗುತ್ತದೆ.

1. ದಿನ ಎಣಿಸಬೇಡಿ, ಕೇಳಿ ತಿಳಿದುಕೊಳ್ಳಿ

ನಮ್ಮವರು ಇಲ್ಲೇ ಎಡವುವುದು. ನಮ್ಮಲ್ಲಿ ಸತ್ತ ದಿನವೇ ಅಥವಾ ಮರುದಿನ ಎಲ್ಲ ಮುಗಿದುಹೋಗುತ್ತದೆ. ಜಮೈಕಾದಲ್ಲಿ ಹಾಗಲ್ಲ. ಸಾವಿಗೂ ಮಣ್ಣಿಗೂ ನಡುವೆ ಎರಡು, ಮೂರು, ನಾಲ್ಕು ವಾರವೂ ಆಗಬಹುದು. ಮಕ್ಕಳು, ಅಣ್ಣತಮ್ಮಂದಿರು ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ಇರುತ್ತಾರೆ. ಅವರಿಗೆ ರಜೆ ಸಿಗಬೇಕು, ಟಿಕೆಟ್ ಸಿಗಬೇಕು, ಖರ್ಚಿಗೆ ದುಡ್ಡು ಹೊಂದಬೇಕು. ಅಲ್ಲಿಯವರೆಗೆ ದೇಹ ಫ್ಯುನೆರಲ್ ಹೋಮ್‌ನಲ್ಲಿ, ಅಂದರೆ ಶವ ಕಾಪಿಟ್ಟು ಮಣ್ಣಿಗೆ ಸಿದ್ಧಮಾಡುವವರ ಹತ್ತಿರ ಇರುತ್ತದೆ. ಮಣ್ಣು ಸಾಮಾನ್ಯವಾಗಿ ಶನಿವಾರ ಅಥವಾ ಭಾನುವಾರ ನಡೆಯುತ್ತದೆ.

ನೈನ್ ನೈಟ್ ಕೂಡ ಸತ್ತ ದಿನದಿಂದ ಎಣಿಸಿ ಒಂಬತ್ತನೇ ರಾತ್ರಿಯೇ ನಡೆಯಬೇಕು ಅಂತಿಲ್ಲ. ಹಿಂದೆ ಹಾಗೆ ಇತ್ತು. ಈಗ ಎಷ್ಟೋ ಮನೆಗಳಲ್ಲಿ ಅದನ್ನು ಮಣ್ಣಿನ ಹಿಂದಿನ ರಾತ್ರಿಗೆ ಇಟ್ಟುಕೊಳ್ಳುತ್ತಾರೆ. ಹೆಸರು ನಂಬಿ ಬೆರಳು ಮಡಚಿ ಲೆಕ್ಕ ಹಾಕಿ ಟಿಕೆಟ್ ಮಾಡಿಸಿಬಿಡಬೇಡಿ. ಗೆಳೆಯರನ್ನು ನೇರವಾಗಿ ಕೇಳಿ: ನೈನ್ ನೈಟ್ ಯಾವತ್ತು? ಚರ್ಚಿನ ಕಾರ್ಯಕ್ರಮ ಎಷ್ಟು ಹೊತ್ತಿಗೆ? ಮಣ್ಣು ಎಲ್ಲಿ?

ಆಗುವುದಾದರೆ ಮಣ್ಣಿಗೆ ಎರಡು ದಿನ ಮುಂಚೆಯೇ ತಲುಪಿ. ಬರೀ ಚರ್ಚಿಗೆ ಹೋಗಿ ಬಂದರೆ ಅರ್ಧ ಮಾತ್ರ ಹೋದ ಹಾಗೆ.

2. ಹೊರಡುವ ಮುಂಚೆ ಮೂರು ವಿಷಯ ತಿಳಿದುಕೊಳ್ಳಿ

ಯಾವ ಪ್ಯಾರಿಶ್? ಪ್ಯಾರಿಶ್ ಅಂದರೆ ಅಲ್ಲಿಯ ಜಿಲ್ಲೆ. ಒಟ್ಟು 14 ಇವೆ. ವಿಮಾನ ನಿಲ್ದಾಣದ ಆಯ್ಕೆ ಇದರ ಮೇಲೆ ನಿಂತಿದೆ. ಪೂರ್ವದ ಸೇಂಟ್ ಥಾಮಸ್‌ಗೋ ಪೋರ್ಟ್‌ಲ್ಯಾಂಡ್‌ಗೋ ಹೋಗುವವರು ಕಿಂಗ್‌ಸ್ಟನ್‌ನ ನಾರ್ಮನ್ ಮ್ಯಾನ್ಲಿ ನಿಲ್ದಾಣದಲ್ಲಿ ಇಳಿಯಬೇಕು. ಪಶ್ಚಿಮದ ಹ್ಯಾನೋವರ್, ವೆಸ್ಟ್‌ಮೋರ್‌ಲ್ಯಾಂಡ್ ಕಡೆಗಾದರೆ ಮಾಂಟೆಗೊ ಬೇಯ ಸ್ಯಾಂಗ್‌ಸ್ಟರ್ ನಿಲ್ದಾಣ. ದೇಶ ಚಿಕ್ಕದು, ಆದರೆ ಬೆಟ್ಟದ ದಾರಿ ತಿರುವು ಜಾಸ್ತಿ, ಸಮಯ ಹಿಡಿಯುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಜಮೈಕಾದ ವೀಸಾ ನಿಯಮದ ಜೊತೆ ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ. ಅಮೆರಿಕದ ಮೂಲಕ ಹೋದರೆ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಲ್ಲಿಯ ವೀಸಾ ಬೇಕು. ಅವಸರದಲ್ಲಿ ಇದೇ ಮರೆತುಹೋಗುವುದು.

ಯಾವ ಚರ್ಚ್? ಇದು ತುಂಬಾ ಮುಖ್ಯ. ಜಮೈಕಾದಲ್ಲಿ ಚರ್ಚ್ ಆಫ್ ಗಾಡ್, ಸೆವೆಂತ್ ಡೇ ಅಡ್ವೆಂಟಿಸ್ಟ್, ಪೆಂಟೆಕೋಸ್ಟಲ್, ಬ್ಯಾಪ್ಟಿಸ್ಟ್, ಆಂಗ್ಲಿಕನ್ ಹೀಗೆ ಹತ್ತಾರು ಬಗೆ. ಒಂದೊಂದರ ಕಟ್ಟುನಿಟ್ಟು ಒಂದೊಂದು ರೀತಿ. ಅಡ್ವೆಂಟಿಸ್ಟರಿಗೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸೂರ್ಯ ಮುಳುಗುವವರೆಗೆ ಸಬ್ಬತ್, ಅಂದರೆ ದೇವರಿಗೆ ಮೀಸಲಿಟ್ಟ ವಿರಾಮದ ದಿನ. ಅವರಲ್ಲಿ ಮದ್ಯವಿಲ್ಲ, ಹಂದಿ ಮಾಂಸವಿಲ್ಲ. ಅಂಥ ಮನೆಗೆ ರಮ್ ಬಾಟಲಿ ಹಿಡಿದುಕೊಂಡು ಹೋದರೆ ಎಲ್ಲರಿಗೂ ಮುಜುಗರ. ಕಟ್ಟಾ ಪೆಂಟೆಕೋಸ್ಟಲ್ ಮನೆಗಳಲ್ಲೂ ಕುಣಿತ, ಕುಡಿತ ಇರುವುದಿಲ್ಲ. ಆ ರಾತ್ರಿ ಬರೀ ಹಾಡು ಮತ್ತು ಪ್ರಾರ್ಥನೆ.

ಯಾವ ಬಣ್ಣ? ಹಳೇ ರೂಢಿ ಕಪ್ಪು, ಬಿಳಿ. ನೇರಳೆಯೂ ನಡೆಯುತ್ತದೆ. ಈಗೀಗ ಮನೆಯವರೇ ಒಂದು ಬಣ್ಣ ಗೊತ್ತುಮಾಡಿ ಎಲ್ಲರಿಗೂ ಹೇಳುವುದುಂಟು. ಸತ್ತವರಿಗೆ ಇಷ್ಟವಾದ ಬಣ್ಣ ಅಂತ ಹಳದಿಯೋ ನೀಲಿಯೋ ಇರಬಹುದು. ಕೇಳಿಕೊಂಡು ಅದರಂತೆ ನಡೆಯಿರಿ.

ಬಟ್ಟೆ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಹೆಂಗಸರಿಗೆ ಸೀರೆ ಚೆನ್ನಾಗಿಯೇ ಒಪ್ಪುತ್ತದೆ. ಜರಿಯಿಲ್ಲದ್ದು ಇರಲಿ, ರವಿಕೆಗೆ ತೋಳು ಇರಲಿ. ಕಟ್ಟುನಿಟ್ಟಿನ ಚರ್ಚಾದರೆ ಹೆಂಗಸರು ಪ್ಯಾಂಟ್ ಹಾಕುವುದಿಲ್ಲ, ತಲೆ ಮುಚ್ಚಿಕೊಳ್ಳುತ್ತಾರೆ, ಒಡವೆ ಹಾಕುವುದಿಲ್ಲ. ಅಲ್ಲಿ ಸೀರೆಯ ಸೆರಗನ್ನೇ ತಲೆ ಮೇಲೆ ಹೊದ್ದರೆ ಸಾಕು, ಹ್ಯಾಟ್ ಹುಡುಕಿಕೊಂಡು ಅಂಗಡಿ ಸುತ್ತಬೇಕಿಲ್ಲ. ಗಂಡಸರು ಕಪ್ಪು ಪ್ಯಾಂಟ್, ಬಿಳಿ ಶರ್ಟ್, ಟೈ ಹಾಕಿಕೊಂಡರೆ ಎಲ್ಲಿಗೂ ನಡೆಯುತ್ತದೆ. ಕೆಲವರು ಮದುವೆಗೆ ಬಂದಂತೆ ಮಿಂಚುವ ಬಟ್ಟೆ ಹಾಕಿ ಬಂದಿರುತ್ತಾರೆ. ಅದನ್ನು ನೋಡಿ ನೀವೂ ಹಾಗೆ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಮಿಲಿಟರಿಯವರು ಹಾಕುವ ಹಸಿರು ಮಚ್ಚೆಯ ಕ್ಯಾಮೊಫ್ಲಾಜ್ ಬಟ್ಟೆ ಜಮೈಕಾದಲ್ಲಿ ಸಾಮಾನ್ಯ ಜನರಿಗೆ ನಿಷಿದ್ಧ. ಟೋಪಿ, ಚಡ್ಡಿ, ಮಕ್ಕಳ ಬಟ್ಟೆಯಲ್ಲೂ ಬೇಡ. ಪೊಲೀಸರು ಹಿಡಿಯಬಹುದು.

3. ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು

ಒಂದು ಕವರಿನಲ್ಲಿ ಹಣ ಹಾಕಿ, ಹೊರಗೆ ನಿಮ್ಮ ಹೆಸರು ಬರೆದು, ಮನೆಯ ಹಿರಿಯರ ಕೈಗೆ ಮೆಲ್ಲಗೆ ಕೊಡಿ. ಜೊತೆಗೊಂದು ಸಂತಾಪದ ಕಾರ್ಡ್. ಕೊನೆಯಲ್ಲಿ ಒಂದು ರೂಪಾಯಿ ಸೇರಿಸುವಂಥ ಲೆಕ್ಕ ಅಲ್ಲಿಲ್ಲ. ಪೆಟ್ಟಿಗೆ, ಗೋರಿ, ಪಾದ್ರಿ, ಹಾಡುವವರು, ನೂರಾರು ಜನರ ಊಟ ಅಂತ ಆ ಮನೆಗೆ ಬೀಳುವ ಖರ್ಚು ದೊಡ್ಡದು. ಹಾಗಾಗಿ ಹೂವಿಗಿಂತ ಹಣವೇ ನಿಜವಾದ ಸಹಾಯ.

ಹಣ ಕೊಡಲು ಸಂಕೋಚವಾದರೆ ಸೆಟಪ್‌ಗೆ ಬೇಕಾಗುವ ಸಾಮಾನು ಕೊಡಿ. ಸಕ್ಕರೆ, ಕಾಫಿ ಪುಡಿ, ಬ್ರೆಡ್, ಐಸ್ ಮೂಟೆ, ತಂಪು ಪಾನೀಯದ ಕ್ರೇಟ್, ಪೇಪರ್ ಲೋಟ, ತಟ್ಟೆ. ದಿನಾ ರಾತ್ರಿ ಜನ ಬರುವ ಮನೆಯಲ್ಲಿ ಮೊದಲು ಖಾಲಿಯಾಗುವುದು ಇವೇ. ಐಸ್ ತಂದವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

4. ಡೆಡ್ ಯಾರ್ಡಿಗೆ ಮೊದಲ ಸಲ ಹೋದಾಗ

ಹಳ್ಳಿ ಮನೆಯಾದರೆ ಗೇಟಿನ ಹೊರಗೇ ನಿಂತು ಕೂಗಿ. ಸೀದಾ ಒಳಗೆ ನುಗ್ಗಬೇಡಿ. ಮನೆಗಳಲ್ಲಿ ನಾಯಿ ಇರುತ್ತದೆ. ನಾಯಿ ಹಿಡ್ಕೊಳ್ಳಿ ಅಂತ "ಹೋಲ್ಡ್ ಡಾಗ್" ಎಂದು ಗೇಟಿನಿಂದ ಕೂಗುವುದು ಅಲ್ಲಿಯ ವಾಡಿಕೆ.

ಒಳಗೆ ಕಾಲಿಟ್ಟ ತಕ್ಷಣ ಅಲ್ಲಿರುವ ಎಲ್ಲರಿಗೂ ಕೇಳಿಸುವಂತೆ ನಮಸ್ಕಾರ ಹೇಳಬೇಕು. ಬೆಳಿಗ್ಗೆ ಗುಡ್ ಮಾರ್ನಿಂಗ್, ಸಂಜೆ ಗುಡ್ ಈವ್ನಿಂಗ್. ಕತ್ತಲಾದ ಮೇಲೆ ಬರುವಾಗಲೇ "ಗುಡ್ ನೈಟ್" ಅನ್ನುತ್ತಾರೆ. ಅದು ಹೊರಡುವ ಮಾತಲ್ಲ, ಬಂದ ಮಾತು. ಯಾರಾದರೂ ನಿಮಗೆ ಗುಡ್ ನೈಟ್ ಅಂದರೆ ಎದ್ದು ಹೋಗಿ ಅಂದಿದ್ದಾರೆ ಅಂದುಕೊಳ್ಳಬೇಡಿ, ನೀವೂ ಹಾಗೇ ಹೇಳಿ. ಮಾತಿಲ್ಲದೆ ಒಳಗೆ ಬಂದು ಕುಳಿತವರನ್ನು ಅಲ್ಲಿಯ ಹಿರಿಯರು ಒರಟು ಜನ ಅಂತಲೇ ಎಣಿಸುತ್ತಾರೆ.

ಹಿರಿಯರನ್ನು ಬರೀ ಹೆಸರಿನಿಂದ ಕರೆಯಬಾರದು. ಹೆಂಗಸರಿಗೆ ಹೆಸರಿನ ಮುಂದೆ ಮಿಸ್, ಮದುವೆಯಾಗಿ ಮೊಮ್ಮಕ್ಕಳಿದ್ದರೂ ಮಿಸ್. ಹಳ್ಳಿಯಲ್ಲಿ ವಯಸ್ಸಾದ ಗಂಡಸರಿಗೆ ಮಾಸ್. ಚರ್ಚಿನವರಿಗೆ ಸಿಸ್ಟರ್, ಬ್ರದರ್. ಗೆಳೆಯರ ಚಿಕ್ಕಮ್ಮ, ಮಾವಂದಿರಿಗೆ ಆಂಟಿ, ಅಂಕಲ್ ಅಂದರೂ ಸರಿಯೇ.

"ನಿಮ್ಮ ನೋವಿನಲ್ಲಿ ನಾವೂ ಇದ್ದೇವೆ" ಅನ್ನುವಂಥ ಒಂದು ಸರಳ ಮಾತು ಸಾಕು. ಸತ್ತವರನ್ನು ನೀವು ಕಂಡಿದ್ದರೆ, ಅವರು ಮಾಡಿದ್ದೊಂದು, ಆಡಿದ್ದೊಂದು ನೆನಪು ಮಾಡಿ ಹೇಳಿ. ಅಂಥ ಮಾತಿಗೆ ಆ ಅಂಗಳದಲ್ಲಿ ಬಹಳ ಬೆಲೆ. "ಏನಾಗಿತ್ತು?" ಅಂತ ಶುರು ಮಾಡಬೇಡಿ. ನಮ್ಮಲ್ಲಿ ಅದೇ ಮೊದಲ ಪ್ರಶ್ನೆ, ಗೊತ್ತು. ಅಲ್ಲಿ ಮನೆಯವರೇ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಹೀಗೆ ಕೂತಾಗ ಏನಾದರೂ ಕೆಲಸಕ್ಕೆ ಕೈ ಹಾಕಿ. ಕುರ್ಚಿ ಜೋಡಿಸುವುದು, ಲೋಟ ತೊಳೆಯುವುದು, ಈರುಳ್ಳಿ ಹೆಚ್ಚುವುದು. ಕೇಳಿ ನಿಲ್ಲುವುದಕ್ಕಿಂತ ಮಾಡಲು ಶುರು ಮಾಡುವುದು ಮೇಲು.

5. ನೈನ್ ನೈಟ್

ಮೊದಲ ಸಲ ಹೋದವರು ಇಲ್ಲಿ ಬೆರಗಾಗಿಬಿಡುತ್ತಾರೆ. ಸಾವಿನ ಮನೆ ಅಂತ ಹೋಗಿರುತ್ತೀರಿ. ಅಂಗಳದಲ್ಲಿ ಟಾರ್ಪಾಲು ಕಟ್ಟಿ ದೀಪ ಹಾಕಿದ್ದಾರೆ. ಒಂದು ಮೂಲೆಯಲ್ಲಿ ಗಂಡಸರು ಡಾಮಿನೋಸ್ ಆಡುತ್ತಾ ಕಾಯಿಯನ್ನು ಮೇಜಿಗೆ ಪಟಾರನೆ ಬಡಿಯುತ್ತಿದ್ದಾರೆ. ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತಿದೆ. ಆಳೆತ್ತರದ ಸ್ಪೀಕರುಗಳಿಂದ ಹಾಡು ಬರುತ್ತಿದೆ. ಜನ ನಗುತ್ತಿದ್ದಾರೆ. ಇದು ಅಗೌರವ ಅಲ್ಲ. ದುಃಖದ ಮನೆಯವರನ್ನು ಒಂಟಿಯಾಗಿ ಬಿಡಬಾರದು ಅನ್ನುವುದಕ್ಕೇ ಇಷ್ಟೆಲ್ಲ.

ಇದರ ಹಿಂದಿನ ನಂಬಿಕೆ ಹೀಗಿದೆ. ಸತ್ತವರ ಡಪ್ಪಿ ಒಂಬತ್ತು ರಾತ್ರಿ ಮನೆಯ ಸುತ್ತಲೇ ಇರುತ್ತದೆ. ಕೊನೆಯ ರಾತ್ರಿ ಅದಕ್ಕೆ ಹೊಟ್ಟೆ ತುಂಬ ಬಡಿಸಿ, ಹಾಡಿ, ಸರಿಯಾಗಿ ಬೀಳ್ಕೊಡಬೇಕು. ಗುಲಾಮರಾಗಿ ತಂದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜನರ ಜೊತೆ ಬಂದ ನಂಬಿಕೆ ಇದು. ಗುಲಾಮಗಿರಿ 1838ರಲ್ಲಿ ಪೂರ್ತಿ ಮುಗಿಯಿತು, ಈ ರೂಢಿ ಉಳಿದುಕೊಂಡಿತು. ಹಳೇ ಕ್ರಮದಲ್ಲಿ ನಡೆಸುವ ಮನೆಗಳಲ್ಲಿ ಸತ್ತವರಿಗೆ ಇಷ್ಟವಾದ ತಿಂಡಿ ತಿನಿಸು, ಒಂದು ಲೋಟ ರಮ್ ಎಲ್ಲವನ್ನೂ ಒಂದು ಮೇಜಿನ ಮೇಲೆ ಇಡುತ್ತಾರೆ. ಮಧ್ಯರಾತ್ರಿ ದಾಟುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಡಪ್ಪಿಗೆ ಉಪ್ಪು ಆಗದು ಅನ್ನುವ ನಂಬಿಕೆಯಿಂದ ಉಪ್ಪಿಲ್ಲದ ಅನ್ನ ಇಡುವವರೂ ಇದ್ದಾರೆ. ಕೊನೆಗೆ ಮನೆಯ ಹಾಸಿಗೆ, ಮಂಚ, ಕುರ್ಚಿಗಳ ಜಾಗ ಬದಲಿಸುತ್ತಾರೆ. ಡಪ್ಪಿ ತಿರುಗಿ ಬಂದರೂ ತನ್ನ ಕೋಣೆಯ ಗುರುತು ಸಿಗಬಾರದು ಅಂತ.

ಪ್ರತ್ಯೇಕವಾಗಿ ಇಟ್ಟ ಮೇಜು ಕಂಡರೆ ಅದರಿಂದ ಏನನ್ನೂ ಎತ್ತಿಕೊಳ್ಳಬೇಡಿ. ಹಸಿವಾಗಿದ್ದರೆ ಅಡುಗೆ ಮಾಡುವವರ ಹತ್ತಿರ ಹೋಗಿ ಕೇಳಿ. ಬಾಟಲಿ ತೆರೆದವರು ಮೊದಲು ನೆಲಕ್ಕೆ ಒಂದಿಷ್ಟು ರಮ್ ಚೆಲ್ಲುತ್ತಾರೆ. ಅದು ಸತ್ತವರ ಪಾಲು.

ಇನ್ನು ಹಾಡಿನ ವಿಷಯ. ಸ್ಪೀಕರ್ ನಿಂತ ಮೇಲೆ, ಅಥವಾ ಸ್ಪೀಕರ್ ಇಲ್ಲದ ಹಳೇ ಕಾಲದ ಮನೆಗಳಲ್ಲಿ ಸಂಜೆಯಿಂದಲೇ, "ಸ್ಯಾಂಕಿ" ಹಾಡುತ್ತಾರೆ. ಐರಾ ಸ್ಯಾಂಕಿ ಅನ್ನುವ ಅಮೆರಿಕದ ಗಾಯಕ 19ನೇ ಶತಮಾನದಲ್ಲಿ ಸೇರಿಸಿ ಪ್ರಕಟಿಸಿದ ಭಕ್ತಿಗೀತೆಗಳ ಪುಸ್ತಕವಿದೆ. ಆ ಹಾಡುಗಳಿಗೆ ಜಮೈಕಾದಲ್ಲಿ ಅವನ ಹೆಸರೇ ಉಳಿದಿದೆ. ಎಲ್ಲರ ಕೈಯಲ್ಲೂ ಪುಸ್ತಕ ಇರುವುದಿಲ್ಲ. ಒಬ್ಬರು ದೀಪದ ಕೆಳಗೆ ನಿಂತು ಮುಂದಿನ ಸಾಲನ್ನು ಬಿರಬಿರನೆ ಓದಿ ಹೇಳುತ್ತಾರೆ. ಉಳಿದವರೆಲ್ಲ ಅದನ್ನು ಎಳೆದೆಳೆದು, ನಾಲ್ಕು ದನಿಯಲ್ಲಿ ಹಾಡುತ್ತಾರೆ. ಸಾಲು ಮುಗಿಯುವ ಮೊದಲೇ ಮುಂದಿನ ಸಾಲು ಬಂದಿರುತ್ತದೆ. ಇದಕ್ಕೆ "ಟ್ರ್ಯಾಕಿಂಗ್" ಅನ್ನುತ್ತಾರೆ. ನಮ್ಮ ಭಜನೆ ಮನೆಯಲ್ಲಿ ಒಬ್ಬರು ಹೇಳಿಕೊಟ್ಟು ಮಿಕ್ಕವರು ಹಾಡುವ ಹಾಗೆಯೇ. ಆದ್ದರಿಂದ ನಿಮಗೆ ಕಷ್ಟವೇ ಇಲ್ಲ. ಸಾಲು ಕಿವಿಗೆ ಬಿದ್ದಷ್ಟು ಹಾಡಿ, ರಾಗ ತಾನಾಗಿ ಹಿಡಿಯುತ್ತದೆ. ಪರದೇಶದ ಒಬ್ಬ ಗೆಳೆಯ ಬಾಯಿ ಬಿಟ್ಟು ಹಾಡುತ್ತಿರುವುದನ್ನು ಪಕ್ಕದ ಅಜ್ಜಿ ನೋಡಿದರೆ ಆಮೇಲೆ ನಿಮಗೆ ಕುರ್ಚಿಗೂ ಕೊರತೆಯಿಲ್ಲ, ಊಟಕ್ಕೂ ಕೊರತೆಯಿಲ್ಲ.

ಊರಿಂದ ಊರಿಗೆ ಕ್ರಮ ಬೇರೆ. ಪಶ್ಚಿಮದ ಹ್ಯಾನೋವರ್, ವೆಸ್ಟ್‌ಮೋರ್‌ಲ್ಯಾಂಡ್ ಕಡೆ "ಗೆರೆ" ಅನ್ನುವ ಕುಣಿತ, ಆಟಗಳಿವೆ. ಸೇಂಟ್ ಮೇರಿಯಲ್ಲಿ "ಡಿಂಕಿ ಮಿನಿ". ಮನೆಯವರನ್ನು ನಗಿಸಲಿಕ್ಕೆಂದೇ ಇರುವ ಕುಣಿತ ಅದು. ಅದರ ಜೊತೆ ಬೆಂಟಾ ಅನ್ನುವ ಬಿದಿರಿನ ವಾದ್ಯ ನುಡಿಸುತ್ತಾರೆ, ಸೋರೆ ಬುರುಡೆಯನ್ನು ಅದರ ತಂತಿಯ ಮೇಲೆ ಆಡಿಸಿ ದನಿ ಹೊರಡಿಸುತ್ತಾರೆ. ಸೇಂಟ್ ಥಾಮಸ್‌ನಲ್ಲಿ "ಕುಮಿನಾ". ಗುಲಾಮಗಿರಿ ಮುಗಿದ ಮೇಲೆ ಮಧ್ಯ ಆಫ್ರಿಕಾದಿಂದ ಕೂಲಿಗೆ ಬಂದವರ ಡೋಲು ಮತ್ತು ಪೂಜೆ ಅದು. ಡೋಲಿನ ಮೇಲೆ ಕುದುರೆ ಸವಾರಿಯಂತೆ ಕೂತು ಬಾರಿಸುತ್ತಾರೆ, ಹಿಮ್ಮಡಿಯಿಂದ ಒತ್ತಿ ದನಿ ಏರಿಸಿ ಇಳಿಸುತ್ತಾರೆ. ಕುಮಿನಾದಲ್ಲಿ ಕೆಲವರ ಮೈಮೇಲೆ ಬರುತ್ತದೆ. ಸುತ್ತಿನ ಹೊರಗೆ ನಿಂತು ನೋಡಿ, ಕರೆಯದೆ ಒಳಗೆ ಹೋಗಬೇಡಿ, ಮೊಬೈಲ್ ಎತ್ತಿ ಚಿತ್ರ ಹಿಡಿಯಬೇಡಿ.

ಮಾಡಬಾರದ ಮಾತು ಎರಡಿವೆ. ಡಪ್ಪಿ ಬಗ್ಗೆ ನಗಬೇಡಿ, "ಇದನ್ನೆಲ್ಲ ನಂಬ್ತೀರಾ?" ಅಂತ ಕೇಳಬೇಡಿ. ಚರ್ಚಿಗೆ ನಿಷ್ಠರಾದವರೂ ಅಂಗಳದಲ್ಲಿ ಹಳೇ ಕ್ರಮ ಪಾಲಿಸುತ್ತಾರೆ, ಅದು ಅವರವರ ಮನಸ್ಸಿನ ವಿಷಯ. ಎರಡನೆಯದು, ಒಬಿಯಾ ಅನ್ನುವ ಪದವನ್ನೇ ಎತ್ತಬೇಡಿ. ಅದು ಮಾಟಮಂತ್ರಕ್ಕೆ ಅಲ್ಲಿಯ ಹೆಸರು. 1898ರ ಕಾನೂನಿನಲ್ಲಿ ಅದು ಅಪರಾಧ. ಸಾವಿನ ಮನೆಯಲ್ಲಿ ಆ ಪದ ಬಂದರೆ ಯಾರೋ ಏನೋ ಮಾಡಿಸಿದ್ದಾರೆ ಅಂದ ಹಾಗಾಗುತ್ತದೆ.

ರಾತ್ರಿ ಪೊಲೀಸರು ಬಂದು ಸೌಂಡ್ ನಿಲ್ಲಿಸಿ ಅಂದರೆ ಗಾಬರಿಯಾಗಬೇಡಿ. ಜೋರು ಸದ್ದಿಗೆ 1997ರಿಂದ ಕಾನೂನಿನ ಮಿತಿ ಇದೆ. ಹಿಂತಿರುಗುವಾಗ ಮನೆಯವರು ಗೊತ್ತುಮಾಡಿದ ಗಾಡಿಯಲ್ಲೇ ಹೋಗಿ. ಸರಿರಾತ್ರಿಯಲ್ಲಿ ಗೊತ್ತಿಲ್ಲದ ಊರಲ್ಲಿ ಒಬ್ಬರೇ ಟ್ಯಾಕ್ಸಿ ಹುಡುಕುವುದು ಬೇಡ.

6. ಊಟ: ಬೇಡ ಅನ್ನಬೇಡಿ

ನಮ್ಮಲ್ಲಿ ಸಾವಿನ ಮನೆಯಲ್ಲಿ ನೀರು ಸಹ ಕುಡಿಯದೆ ಬರುವವರಿದ್ದಾರೆ. ಸೂತಕ ಅಂತ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಜಮೈಕಾದಲ್ಲಿ ನೇರ ತಿರುಗಾಮುರುಗಾ. ಡೆಡ್ ಯಾರ್ಡಿನ ಒಲೆ ಆರಬಾರದು. ಬಂದವರು ಉಣ್ಣದೆ ಹೋದರೆ ಮನೆಯವರಿಗೆ ಕಸಿವಿಸಿ. ಮನೆಗೆ ಹೋಗಿ ತಲೆ ಸ್ನಾನ ಮಾಡುವುದು ನಿಮ್ಮ ರೂಢಿಯಾದರೆ ಮಾಡಿ. ಅದನ್ನು ಅಲ್ಲಿ ಹೇಳಿಕೊಳ್ಳಬೇಡಿ.

ಏನೇನು ಇರುತ್ತದೆ? ಕರಿ ಗೋಟ್, ಅಂದರೆ ಆಡಿನ ಮಾಂಸದ ಸಾರು. ಇದು ನಮ್ಮ ಕಡೆಯಿಂದಲೇ ಹೋದದ್ದು. 1845ರ ಮೇ ತಿಂಗಳಲ್ಲಿ ಬ್ಲಂಡೆಲ್ ಅನ್ನುವ ಹಡಗು ಭಾರತದ ಕೂಲಿಗಳನ್ನು ಹೊತ್ತು ಓಲ್ಡ್ ಹಾರ್ಬರ್ ಬೇಗೆ ಬಂತು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಸುಮಾರು 36 ಸಾವಿರ ಜನ ಬಂದರು. ಅವರ ಮಸಾಲೆ ಇಂದು ಜಮೈಕಾದ ಪ್ರತಿ ಮದುವೆ, ಪ್ರತಿ ಸಾವಿನ ಊಟದಲ್ಲಿ ಇದೆ. "ಮ್ಯಾನಿಶ್ ವಾಟರ್" ಅಂದರೆ ಆಡಿನ ತಲೆ, ಕಾಲು, ಕರುಳು ಹಾಕಿ ಹಸಿ ಬಾಳೆಕಾಯಿ, ಗೆಣಸಿನ ಜಾತಿಯ ಯಾಮ್, ಹಿಟ್ಟಿನ ಉಂಡೆಗಳ ಜೊತೆ ಗಂಟೆಗಟ್ಟಲೆ ಕುದಿಸಿದ ಸಾರು. ಹುರಿದ ಮೀನು, "ಹಾರ್ಡೋ ಬ್ರೆಡ್" ಅನ್ನುವ ಗಟ್ಟಿ ಬ್ರೆಡ್, ಕಾಫಿ, ಕೋಕೋ. ಅಲ್ಲಿ ಬಿಸಿಯಾಗಿ ಕುಡಿಯುವುದೆಲ್ಲಕ್ಕೂ ಟೀ ಅಂತಾರೆ, ಹಾಗಾಗಿ ಟೀ ಕೇಳಿದರೆ ಕೋಕೋ ಬರಬಹುದು.

ಮಾಂಸ ತಿನ್ನದವರು ಹೆದರಬೇಕಾಗಿಲ್ಲ. "ಐ ಈಟ್ ಐಟಲ್" ಅಂತ ಹೇಳಿ. ಐಟಲ್ ಅನ್ನುವುದು ಜಮೈಕಾದಲ್ಲೇ ಹುಟ್ಟಿದ ರಾಸ್ತಾಫಾರಿ ಅನ್ನುವ ಧರ್ಮದವರ ಸಾತ್ವಿಕ ಊಟ. ಆ ಮಾತು ಎಲ್ಲರಿಗೂ ಗೊತ್ತು, ಅದಕ್ಕೆ ಮರ್ಯಾದೆಯೂ ಇದೆ. ಕರಿದ ಬಾಳೆಹಣ್ಣು, ಮರಗೆಣಸಿನ ರೊಟ್ಟಿಯಾದ ಬ್ಯಾಮಿ, ಬ್ರೆಡ್, ಹುರಿದ ಬ್ರೆಡ್‌ಫ್ರೂಟ್ (ನಮ್ಮ ಜೀಗುಜ್ಜೆ) ಧೈರ್ಯವಾಗಿ ತಿನ್ನಿ. "ರೈಸ್ ಅಂಡ್ ಪೀಸ್" ಮಾತ್ರ ಕೇಳಿಕೊಂಡು ತಿನ್ನಿ. ತೆಂಗಿನ ಹಾಲಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ ಅದು, ಆದರೆ ಕೆಲವರು ಉಪ್ಪು ಹಾಕಿದ ಹಂದಿ ಬಾಲ ಸೇರಿಸುತ್ತಾರೆ. "ಕ್ಯಾಲಲೂ" ಅನ್ನುವ ಸೊಪ್ಪು ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಅದರಲ್ಲೂ ಉಪ್ಪುಮೀನು ಇರಬಹುದು. ಎಷ್ಟೋ ಮನೆಗಳಲ್ಲಿ ಆಡನ್ನು ಅಂಗಳದಲ್ಲೇ ಕಡಿಯುತ್ತಾರೆ. ನೋಡಲು ಆಗದವರು ಆ ದಿನ ಮಧ್ಯಾಹ್ನದ ಮೇಲೆ ಹೋಗಿ.

ರಮ್ ಬಗ್ಗೆ ಜೋಪಾನ. ಅಲ್ಲಿ ಎಲ್ಲ ಕಡೆ ಸಿಗುವ ಬಿಳಿ ಓವರ್‌ಪ್ರೂಫ್ ರಮ್‌ನಲ್ಲಿ ಆಲ್ಕೋಹಾಲ್ ಶೇಕಡ 63. ನಮ್ಮ ಕಡೆಯ ರಮ್ ಕುಡಿದ ಅಂದಾಜಿನಲ್ಲಿ ಕುಡಿಯಬೇಡಿ. ಕುಡಿಯದವರು ನಾನು ಕುಡಿಯಲ್ಲ ಅಂತ ಹೇಳಿ ಕೈಯಲ್ಲೊಂದು ಶುಂಠಿ ಬಿಯರ್ ಹಿಡಿದುಕೊಳ್ಳಿ. ಅದರಲ್ಲಿ ಮದ್ಯವಿಲ್ಲ. ಯಾರೂ ಬಲವಂತ ಮಾಡುವುದಿಲ್ಲ.

7. ಚರ್ಚಿನಲ್ಲಿ

ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ಮುಂದಿನ ಸಾಲುಗಳು ಮನೆಯವರಿಗೆ. ಅವರು ಕರೆದು ಕೂರಿಸಿದರೆ ಮಾತ್ರ ಅಲ್ಲಿ ಕೂರಿ. ಬಾಗಿಲಲ್ಲಿ ಸತ್ತವರ ಫೋಟೋಗಳಿರುವ ಪುಟ್ಟ ಪುಸ್ತಕ ಕೊಡುತ್ತಾರೆ. ಯಾವ ಹಾಡು, ಯಾರ ಮಾತು, ಯಾವ ಪಾಠ ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಅದನ್ನು ಕುರ್ಚಿ ಮೇಲೆ ಬಿಟ್ಟು ಬರಬೇಡಿ, ಮನೆಗೆ ತನ್ನಿ.

ಪೆಟ್ಟಿಗೆಯ ಮುಚ್ಚಳ ಸಾಮಾನ್ಯವಾಗಿ ಶುರುವಿನಲ್ಲಿ ತೆರೆದಿರುತ್ತದೆ. ಜನ ಸಾಲಾಗಿ ಹೋಗಿ ಮುಖ ನೋಡುತ್ತಾರೆ. ನೀವೂ ಹೋಗಿ, ಒಂದು ಕ್ಷಣ ನಿಂತು, ಮುಂದೆ ಸರಿಯಿರಿ. ಮನಸ್ಸಾಗದಿದ್ದರೆ ಕೂತಲ್ಲೇ ಇರಿ, ತಪ್ಪಿಲ್ಲ. ವಿಡಿಯೋದವರು ಇರುತ್ತಾರೆ, ಪರದೇಶದ ನೆಂಟರಿಗಾಗಿ ನೇರ ಪ್ರಸಾರವೂ ಇರುತ್ತದೆ. ಹಾಗಂತ ನೀವು ಮುಖದ ಫೋಟೋ ತೆಗೆಯಬೇಡಿ.

ಕಾರ್ಯಕ್ರಮ ಎರಡು, ಮೂರು ಗಂಟೆ ನಡೆಯಬಹುದು. ಹಾಡುಗಳು ದೊಡ್ಡವು, ಮಾತಾಡುವವರು ಜಾಸ್ತಿ. ಪಾದ್ರಿ ಮಾತಾಡುವಾಗ ಜನ ಆಮೆನ್ ಅಂತ ಕೂಗುತ್ತಾರೆ, ಕೈ ಎತ್ತುತ್ತಾರೆ, ಗಟ್ಟಿಯಾಗಿ ಅಳುತ್ತಾರೆ. ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂರಿ. ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚಿದರೆ ಕ್ರೈಸ್ತರಲ್ಲದವರು ಕೂತಲ್ಲೇ ಇರಬೇಕು. ಕೊನೆಗೆ ಪಾದ್ರಿ "ಯೇಸುವನ್ನು ಒಪ್ಪುವವರು ಮುಂದೆ ಬನ್ನಿ" ಅಂತ ಕರೆಯಬಹುದು. ಅದು ಎಲ್ಲರಿಗೂ ಹೇಳುವ ಮಾತು. ನೀವು ಹೋಗಬೇಕಿಲ್ಲ.

ಕುಟುಂಬದ ಗೆಳೆಯರಿಗೆ ಒಂದು ಕೆಲಸ ಬರಬಹುದು: ಟ್ರಿಬ್ಯೂಟ್, ಅಂದರೆ ಸತ್ತವರ ಬಗ್ಗೆ ನಾಲ್ಕು ಮಾತು. ಆಗಲ್ಲ ಅನ್ನಬೇಡಿ. ಬರೆದುಕೊಂಡು ಹೋಗಿ, ಎರಡು ಮೂರು ನಿಮಿಷ ಮೀರಬಾರದು. ಮೊದಲು ಪಾದ್ರಿಗೆ, ಆಮೇಲೆ ಮನೆಯವರಿಗೆ, ಆಮೇಲೆ ಎಲ್ಲರಿಗೂ ವಂದನೆ. ನಂತರ ನಿಮ್ಮ ಪರಿಚಯ ಒಂದೇ ಸಾಲಿನಲ್ಲಿ. ಆಮೇಲೆ ಅವರ ಬಗ್ಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ. "ತುಂಬಾ ಒಳ್ಳೆಯವರು" ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಮಗು ಹುಟ್ಟಿದಾಗ ಅವರು ಸೂಪ್ ಮಾಡಿ ಬಸ್ಸಿನಲ್ಲಿ ಹಿಡಿದುಕೊಂಡು ಬಂದಿದ್ದರೆ ಅದನ್ನು ಹೇಳಿ. ಬೈಬಲ್ ಪಾಠ ಓದಲು ಹೇಳಿದರೆ ಯಾವ ಅಧ್ಯಾಯ ಅಂತ ಮೊದಲೇ ಕೇಳಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ. ಹಳೇ ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್ ಅಲ್ಲಿ ಇಂದಿಗೂ ಪ್ರಿಯ, ನಾಲಿಗೆ ತಡವರಿಸುತ್ತದೆ.

8. ಗೋರಿಯ ಹತ್ತಿರ

ಚರ್ಚ್ ಮುಗಿಯಿತು ಅಂತ ಹೊರಡಬೇಡಿ. ಮಣ್ಣಿಗೆ ಬಂದವರನ್ನು ಮನೆಯವರು ನೆನಪಿಡುವುದು ಇಲ್ಲಿ ಕಂಡ ಮುಖಗಳಿಂದ.

ಹಳ್ಳಿಯಲ್ಲಾದರೆ ಮನೆಯ ಜಮೀನಿನಲ್ಲೇ ಅಜ್ಜ ಅಜ್ಜಿಯರ ಪಕ್ಕ ಜಾಗ ಇರುತ್ತದೆ. ಪಟ್ಟಣದವರಿಗೆ ದೊಡ್ಡ ಸ್ಮಶಾನಗಳಿವೆ, ಕಿಂಗ್‌ಸ್ಟನ್ ಹೊರಗಿನ ಡವ್‌ಕಾಟ್‌ನಂಥವು. ಹಳ್ಳಿಯ ಗೋರಿಯನ್ನು ಊರ ಗಂಡಸರೇ ತೋಡಿರುತ್ತಾರೆ. ಒಳಗೆ ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಿರುತ್ತಾರೆ. ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿದ ಮೇಲೆ ಮೇಲಿನ ಚಪ್ಪಡಿ ಹಾಕುತ್ತಾರೆ, ಅಲ್ಲೇ ಗಾರೆ ಕಲಸುತ್ತಾರೆ, ಸಂದುಗಳನ್ನು ಕರಣೆಯಿಂದ ಮೆತ್ತುತ್ತಾರೆ. ಸಲಿಕೆ ನೆಲಕ್ಕೆ ಕೆರೆಯುವ ಸದ್ದು ಕೇಳುತ್ತಿರುತ್ತದೆ. ಅಷ್ಟು ಹೊತ್ತೂ ಸುತ್ತ ನಿಂತವರು ಒಂದಾದ ಮೇಲೊಂದು ಹಾಡು ಹಾಡುತ್ತಾರೆ. ಹಾಡು ನಿಲ್ಲಬಾರದು. ಇಲ್ಲಿ ಪುಸ್ತಕ ಇರುವುದಿಲ್ಲ, ಒಂದೆರಡು ಸಾಲಿನ ಪಲ್ಲವಿಗಳೇ ಜಾಸ್ತಿ. ಎರಡನೇ ಸಲಕ್ಕೆ ನಿಮಗೂ ಬಂದಿರುತ್ತದೆ.

ಹಳಬರ ಮನೆಗಳಲ್ಲಿ ಚಿಕ್ಕ ಮಕ್ಕಳನ್ನು ಪೆಟ್ಟಿಗೆಯ ಮೇಲಿಂದ ಈ ಕೈಯಿಂದ ಆ ಕೈಗೆ ದಾಟಿಸುತ್ತಾರೆ. ಸತ್ತವರ ಡಪ್ಪಿ ಮಗುವನ್ನು ಕಾಡಬಾರದು ಅಂತ. ನಿಮ್ಮ ಮಗುವನ್ನು ಕೇಳಿದರೆ ಕೊಡುವುದು ಬಿಡುವುದು ನಿಮಗೆ ಸೇರಿದ್ದು. ನಯವಾಗಿ ಬೇಡ ಅಂದರೆ ಒಪ್ಪುತ್ತಾರೆ. ಗೋರಿಯ ಕಡೆ ಬೆರಳು ಮಾಡಿ ತೋರಿಸಬೇಡಿ. ಬೆರಳು ಕೊಳೆಯುತ್ತದೆ ಅನ್ನುವ ನಂಬಿಕೆ ಇದೆ, ಹಿರಿಯರಿಗೆ ಸೇರದು.

ಬಿಸಿಲು ಸುಡುತ್ತದೆ. ಛತ್ರಿ, ನೀರಿನ ಬಾಟಲಿ, ಕರ್ಚೀಫು ಇಟ್ಟುಕೊಳ್ಳಿ. ಮೊನಚು ಹಿಮ್ಮಡಿಯ ಚಪ್ಪಲಿ ಕೆಂಪು ಮಣ್ಣಿನಲ್ಲಿ ಹೂತುಹೋಗುತ್ತದೆ, ಚಪ್ಪಟೆಯದು ಹಾಕಿ.

ಇಂಗ್ಲೆಂಡಿನಲ್ಲಿ ಇದೇ ಕ್ರಮ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಅಲ್ಲಿ ಸ್ಮಶಾನದ ಕೆಲಸದವರಿಗೆ ಬಿಡದೆ ಮನೆಯ ಗಂಡಸರು, ಗೆಳೆಯರು ಸರದಿಯ ಮೇಲೆ ಸಲಿಕೆ ಹಿಡಿದು ಮಣ್ಣು ಮುಚ್ಚುತ್ತಾರೆ. ನಿಮ್ಮ ಕೈಗೆ ಸಲಿಕೆ ಬಂದರೆ ಅದು ದೊಡ್ಡ ಮರ್ಯಾದೆ. ಕೋಟು ಬಿಚ್ಚಿ ಯಾರಿಗಾದರೂ ಕೊಡಿ, ಕೈಲಾದಷ್ಟು ಮಣ್ಣು ಹಾಕಿ, ಮುಂದಿನವರಿಗೆ ಸಲಿಕೆ ದಾಟಿಸಿ.

9. ಆಮೇಲೆ

ಗೋರಿಯಿಂದ ಎಲ್ಲರೂ ಮನೆಗೋ ಚರ್ಚಿನ ಹಾಲಿಗೋ ಊಟಕ್ಕೆ ಹೋಗುತ್ತಾರೆ. ಇದಕ್ಕೆ ರಿಪಾಸ್ಟ್ ಅನ್ನುತ್ತಾರೆ. ಇಲ್ಲಿ ಮಾತು ಸಡಿಲವಾಗುತ್ತದೆ, ನಿಮ್ಮ ಊರು, ನಿಮ್ಮ ಊಟ, ನಿಮ್ಮ ಸೀರೆ ಎಲ್ಲದರ ವಿಚಾರಣೆ ನಡೆಯುತ್ತದೆ. ಹೊರಡುವಾಗ ಮನೆಯ ಹಿರಿಯರಿಗೆ ಹೇಳಿಯೇ ಹೊರಡಿ. ಅವರು "ವಾಕ್ ಗುಡ್" ಅನ್ನುತ್ತಾರೆ, ಹುಷಾರಾಗಿ ಹೋಗಿ ಬನ್ನಿ ಅಂತ.

ಪರದೇಶದ ನೆಂಟರು ಒಂದು ವಾರದೊಳಗೆ ವಿಮಾನ ಹತ್ತುತ್ತಾರೆ. ಅಂಗಳದ ಟಾರ್ಪಾಲು ಬಿಚ್ಚುತ್ತಾರೆ. ನಿಮ್ಮ ಗೆಳತಿಗೆ ಫೋನ್ ಮಾಡಬೇಕಾದ್ದು ಆಗ. ನಿಮ್ಮ ಮೊಬೈಲಿನಲ್ಲಿ ಸತ್ತವರ ಹಳೇ ಫೋಟೋ, ಧ್ವನಿ ಸಂದೇಶ ಏನಾದರೂ ಇದ್ದರೆ ಹುಡುಕಿ ಕಳಿಸಿ, ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇರಬಹುದು. ಗೋರಿಯ ಮೇಲಿನ ಕಲ್ಲು, ಹೆಂಚು, ಬಣ್ಣದ ಕೆಲಸ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತದೆ, ಮೊದಲ ಖರ್ಚಿನಲ್ಲೇ ಕೈ ಖಾಲಿಯಾಗಿರುತ್ತದೆ. ಆ ಹೊತ್ತಿಗೆ ಇನ್ನೊಂದು ಕವರ್ ಕಳಿಸಲು ನಿಮಗೆ ಆಗುವುದಾದರೆ ಕಳಿಸಿ. ವರ್ಷ ತುಂಬುವ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.